ಟರ್ಬೊ ಕಾರಿನ ಇಗ್ನಿಷನ್ ಕಾಯಿಲ್‌ಗೆ ಗಟ್ಟಿ ಅರ್ಥಿಂಗ್: ಮೊದಲು ಅಳತೆ, ನಂತರ ಶುಚಿ, ಕೊನೆಗೆ ತಂತಿ

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಟರ್ಬೊ ಪೆಟ್ರೋಲ್ ಕಾರು ಇಟ್ಟುಕೊಂಡವರು ನನ್ನ ಬಳಿ ಹೇಳಿಕೊಳ್ಳುವ ದೂರು ಹೆಚ್ಚುಕಡಿಮೆ ಒಂದೇ. ಊರೊಳಗೆ ಗಾಡಿ ಸರಿಯಾಗಿ ಓಡುತ್ತದೆ. ಹೆದ್ದಾರಿಯಲ್ಲಿ ಅದಿರು ಲಾರಿಯನ್ನು ಹಿಂದಿಕ್ಕಲು ಆಕ್ಸಿಲರೇಟರ್ ಒತ್ತಿದ ಕ್ಷಣ ಮಿಸ್ ಹೊಡೆಯುತ್ತದೆ, ಅಂದರೆ ಯಾವುದೋ ಸಿಲಿಂಡರ್‌ನಲ್ಲಿ ಪೆಟ್ರೋಲ್ ಉರಿಯದೆ ಎಂಜಿನ್ ತಡವರಿಸುತ್ತದೆ. ಪ್ಲಗ್ ಬದಲಾಯಿಸಿದ್ದಾಯಿತು, ಪ್ಲಗ್‌ಗೆ ಕಿಡಿಯ ವೋಲ್ಟೇಜ್ ಕೊಡುವ ಕಾಯಿಲ್ ಬದಲಾಯಿಸಿದ್ದಾಯಿತು, ಕೊನೆಗೆ ಅರ್ಥಿಂಗ್ ಕಿಟ್ ಎಂದು ಮಾರುವ ಬಣ್ಣದ ತಂತಿಗಳನ್ನೂ ಹಾಕಿಸಿದ್ದಾಯಿತು. ಮಿಸ್ ಮಾತ್ರ ಹಾಗೆಯೇ ಉಳಿಯಿತು. ಅರ್ಥಿಂಗ್ ಎಂದರೆ ಕರೆಂಟ್ ಎಂಜಿನ್ ಮತ್ತು ಕಾರಿನ ಲೋಹದ ಮೈ ಮೂಲಕ ಬ್ಯಾಟರಿಯ ಮೈನಸ್‌ಗೆ ಮರಳುವ ದಾರಿ.

ಇವರಲ್ಲಿ ಬಹುತೇಕ ಎಲ್ಲರೂ ಕೆಲಸವನ್ನು ಹಿಂದುಮುಂದಾಗಿ ಮಾಡಿದ್ದರು. ಮೊದಲು ತಂತಿ ಹಾಕಿದರು, ಅಳೆಯಲೇ ಇಲ್ಲ. ಸಿಂಧನೂರಿನ ನನ್ನ ಸಂಬಂಧಿಯೊಬ್ಬರ ಕಾರಿಗೆ ಮೂರು ಕಾಯಿಲ್ ಬದಲಾಗಿದ್ದವು. ಸಿಲಿಂಡರ್ ಹೆಡ್‌ನಿಂದ (ಎಂಜಿನ್‌ನ ಲೋಹದ ಮೇಲ್ಭಾಗ) ಬ್ಯಾಟರಿಯ ಮೈನಸ್‌ವರೆಗೆ ಅಳೆದಾಗ ಮೀಟರ್ 0.38 ವೋಲ್ಟ್ ತೋರಿಸಿತು. ಅರ್ಥಿಂಗ್ ತಂತಿ ಕಾರಿನ ಬಾಡಿಗೆ (ಲೋಹದ ಮೈಗೆ) ಕೂರುವ ಒಂದೇ ಒಂದು ಬೋಲ್ಟ್ ಬಿಚ್ಚಿ, ಕೆಳಗಿನ ಕೆಮ್ಮಣ್ಣು ಮತ್ತು ತುಕ್ಕು ತೆಗೆದು ಬಿಗಿದ ಮೇಲೆ ಅದು 0.04ಕ್ಕೆ ಇಳಿಯಿತು. ಹೊಸ ತಂತಿ ಒಂದಿಂಚೂ ಬೇಕಾಗಲಿಲ್ಲ. ಹಾಗಾಗಿ ಕೆಳಗಿನ ಹಂತಗಳನ್ನು ದಯವಿಟ್ಟು ಕೊಟ್ಟಿರುವ ಕ್ರಮದಲ್ಲೇ ಮಾಡಿ. ಯಾವ ಹಂತವನ್ನೂ ಹಾರಿಸಬೇಡಿ.

ಹಂತ 1: ತೊಂದರೆ ಅರ್ಥಿಂಗ್‌ನದೇ ಎಂದು ಖಚಿತಪಡಿಸಿಕೊಳ್ಳಿ

ಟರ್ಬೊ ಗಾಳಿಯನ್ನು ಒತ್ತಿ ತುಂಬಿದಾಗ ಸಿಲಿಂಡರ್‌ನೊಳಗಿನ ಒತ್ತಡ ಏರುತ್ತದೆ. ಒತ್ತಡ ಏರಿದಷ್ಟೂ ಪ್ಲಗ್‌ನ ಸಂದಿಯನ್ನು ಕಿಡಿ ದಾಟಲು ಹೆಚ್ಚು ವೋಲ್ಟೇಜ್ ಬೇಕು. ಸಾಮಾನ್ಯ ಎಂಜಿನ್‌ನಲ್ಲಿ ಗೊತ್ತೇ ಆಗದಷ್ಟು ಸಣ್ಣ ದೌರ್ಬಲ್ಯ ಇಲ್ಲಿ ಬೂಸ್ಟ್ (ಟರ್ಬೊ ತುಂಬುವ ಆ ಹೆಚ್ಚುವರಿ ಒತ್ತಡ) ಬಂದೊಡನೆ ಬಯಲಾಗುತ್ತದೆ. ಆದರೆ ಅದೇ ಲಕ್ಷಣ ಸವೆದ ಪ್ಲಗ್‌ನಿಂದಲೂ ಬರುತ್ತದೆ, ಬಿರುಕುಬಿಟ್ಟ ಕಾಯಿಲ್‌ನಿಂದಲೂ ಬರುತ್ತದೆ.

ಒಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್ ತೋರಿಸುವ ಉಪಕರಣ) ಹಾಕಿ ಕೋಡ್ ಓದಿ. ಪಿ0301 ಎಂದರೆ ಒಂದನೇ ಸಿಲಿಂಡರ್, ಪಿ0302 ಎಂದರೆ ಎರಡನೆಯದು. ಒಂದೇ ಸಿಲಿಂಡರ್ ಕಾಣಿಸಿದರೆ ಅದರ ಕಾಯಿಲನ್ನು ಪಕ್ಕದ ಸಿಲಿಂಡರ್‌ನದರೊಂದಿಗೆ ಅದಲುಬದಲು ಮಾಡಿ ಓಡಿಸಿ ನೋಡಿ. ಕೋಡ್ ಕಾಯಿಲ್‌ನ ಜೊತೆ ಹೋದರೆ ಕಾಯಿಲ್ ಕೆಟ್ಟಿದೆ. ಈ ಮಾರ್ಗದರ್ಶಿ ನಿಮಗೆ ಬೇಡ. ಅಲ್ಲೇ ಉಳಿದರೆ ಪ್ಲಗ್, ಇಂಜೆಕ್ಟರ್ ಅಥವಾ ಆ ಕಾಯಿಲ್‌ನ ಕನೆಕ್ಟರ್ ನೋಡಬೇಕು. ಪ್ಲಗ್‌ನ ಸಂದಿಯನ್ನು ಕೈಪಿಡಿಯಲ್ಲಿ ಹೇಳಿದ ಅಳತೆಗೇ ಇಡಿ. ಟರ್ಬೊ ಎಂಜಿನ್‌ಗೆ ಅದು ಹೆಚ್ಚಾಗಿ 0.7ರಿಂದ 0.8 ಮಿ.ಮೀ. ಆಸುಪಾಸಿನಲ್ಲಿರುತ್ತದೆ. ‘ದೊಡ್ಡ ಕಿಡಿ ಬರಲಿ’ ಎಂದು ಅದನ್ನು ಅಗಲಿಸಿದವರು ಮಿಸ್ ಅನ್ನು ಕೈಯಾರೆ ತಂದುಕೊಂಡಿದ್ದಾರೆ.

ಅರ್ಥಿಂಗ್ ಮೇಲೆ ಅನುಮಾನ ಪಡಬೇಕಾದದ್ದು ಯಾವಾಗ? ಕೋಡ್ ಒಂದು ಸಿಲಿಂಡರ್‌ನಲ್ಲಿ ನಿಲ್ಲದೆ ಅಲೆದಾಡಿದಾಗ, ಅಥವಾ ಪಿ0300 (ಯಾವ ಸಿಲಿಂಡರ್ ಎಂದು ಗೊತ್ತುಮಾಡದ ಮಿಸ್) ಬಂದಾಗ. ಹೆಡ್‌ಲೈಟ್, ಎ.ಸಿ., ರೇಡಿಯೇಟರ್ ಫ್ಯಾನ್ ಎಲ್ಲವೂ ಓಡುವಾಗ ಮಿಸ್ ಹೆಚ್ಚಿ, ಅವು ನಿಂತಾಗ ಕಡಿಮೆಯಾದರೆ ಅನುಮಾನ ಗಟ್ಟಿಯಾಯಿತು. ಸ್ಟಾರ್ಟರ್ ನಿಧಾನವಾಗಿ ತಿರುಗುವುದು, ಸಂಬಂಧವೇ ಇಲ್ಲದ ಎರಡು ಮೂರು ಸೆನ್ಸರ್‌ಗಳು ಒಟ್ಟಿಗೆ ತಪ್ಪು ಹೇಳುವುದು, ಎಂಜಿನ್ ತೊಳೆಸಿದ ವಾರದೊಳಗೆ ತೊಂದರೆ ಶುರುವಾಗುವುದು ಕೂಡ ಇದೇ ಸುಳಿವು.

ಒಂದು ಎಚ್ಚರಿಕೆ: ಎಂಜಿನ್ ದೀಪ ಮಿಣುಕಿದರೆ ಕೂಡಲೇ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಉರಿಯದ ಪೆಟ್ರೋಲ್ ಹೊಗೆ ಶುಚಿಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತದೆ, ಒಳಗಿನ ಜೇನುಗೂಡು ಕರಗುತ್ತದೆ. ಅದರ ಬೆಲೆಯ ಮುಂದೆ ನಾಲ್ಕು ಕಾಯಿಲ್‌ಗಳ ಬೆಲೆ ಏನೂ ಅಲ್ಲ.

ಹಂತ 2: ನಿಮ್ಮ ಕಾಯಿಲ್‌ಗೆ ಎಷ್ಟು ಪಿನ್ ಇವೆ ನೋಡಿ

ಅತಿ ಹೆಚ್ಚು ಹಾನಿ ಆಗುವುದು ಈ ಹಂತವನ್ನು ಬಿಟ್ಟವರಿಗೆ.

ಎರಡು ಪಿನ್ ಇದ್ದರೆ ಕಾಯಿಲ್‌ಗೆ ಪ್ರತ್ಯೇಕ ಅರ್ಥಿಂಗ್ ತಂತಿಯೇ ಇಲ್ಲ. ಒಂದರಲ್ಲಿ 12 ವೋಲ್ಟ್ ಬರುತ್ತದೆ, ಇನ್ನೊಂದನ್ನು ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ತನ್ನೊಳಗೇ ಅರ್ಥಿಂಗ್‌ಗೆ ಸೇರಿಸಿ, ಮತ್ತೆ ಬಿಡಿಸುತ್ತದೆ. ಅಲ್ಲಿಗೆ ನೀವು ಮೈನಸ್ ತಂತಿ ಕೊಟ್ಟರೆ ಕಾಯಿಲ್ ಸದಾ ಕರೆಂಟ್ ಎಳೆದು ಸುಟ್ಟುಹೋಗುತ್ತದೆ. ಇಂಥ ಕಾರಿನಲ್ಲಿ ಸುಧಾರಿಸಬಹುದಾದದ್ದು ಎಂಜಿನ್‌ನಿಂದ ಬಾಡಿಗೆ, ಬಾಡಿಯಿಂದ ಬ್ಯಾಟರಿಗೆ ಹೋಗುವ ದಾರಿ ಮತ್ತು ಇಸಿಯುವಿನ ಅರ್ಥಿಂಗ್ ಬೋಲ್ಟ್ ಮಾತ್ರ.

ಮೂರು ಪಿನ್ ಎಂದರೆ ಸಾಮಾನ್ಯವಾಗಿ 12 ವೋಲ್ಟ್, ಇಸಿಯು ಕೊಡುವ ಸಿಗ್ನಲ್, ಅರ್ಥಿಂಗ್.

ನಾಲ್ಕು ಪಿನ್‌ನಲ್ಲಿ ಎರಡು ಬಗೆ. ಕೆಲವು ಯುರೋಪಿನ ಎಂಜಿನ್‌ಗಳಲ್ಲಿ ಎರಡು ಅರ್ಥಿಂಗ್ ಇರುತ್ತವೆ: ಒಂದು ಕಾಯಿಲ್‌ನ ಕರೆಂಟ್ ಮರಳಲು, ಮತ್ತೊಂದು ಕಿಡಿಯ ಕರೆಂಟ್ ಸಿಲಿಂಡರ್ ಹೆಡ್‌ನಿಂದ ನೇರವಾಗಿ ಮರಳಲು. ಕೆಲವು ಜಪಾನಿ ಎಂಜಿನ್‌ಗಳಲ್ಲಿ ನಾಲ್ಕನೆಯ ಪಿನ್ ಅರ್ಥಿಂಗ್ ಅಲ್ಲವೇ ಅಲ್ಲ. ಕಿಡಿ ಹಾರಿತು ಎಂದು ಇಸಿಯುವಿಗೆ ತಿಳಿಸುವ ಸಿಗ್ನಲ್. ಅದನ್ನು ಅರ್ಥಿಂಗ್‌ಗೆ ಸೇರಿಸಿದರೆ ಇಸಿಯು ಇಂಜೆಕ್ಟರ್ ನಿಲ್ಲಿಸಬಹುದು. ಪಿನ್‌ಗಳ ಕ್ರಮ ಎಂಜಿನ್‌ನಿಂದ ಎಂಜಿನ್‌ಗೆ ಬೇರೆ. ನಿಮ್ಮದೇ ಎಂಜಿನ್ ಕೋಡ್‌ನ ವೈರಿಂಗ್ ನಕ್ಷೆ ಕೈಯಲ್ಲಿ ಇಲ್ಲದೆ ಕನೆಕ್ಟರ್ ಮುಟ್ಟಬೇಡಿ. ವಾರಂಟಿ ಇನ್ನೂ ಇದ್ದರೆ ಹಾರ್ನೆಸ್ (ತಂತಿಗಳ ಕಟ್ಟು) ಕತ್ತರಿಸಬೇಡಿ; ಹಂತ 4ರ ಅಳತೆಗಳನ್ನು ಬರೆದುಕೊಂಡು ಸರ್ವೀಸ್ ಕೇಂದ್ರಕ್ಕೆ ಹೋಗಿ.

ಹಂತ 3: ಸಾಮಾನು ಹೊಂದಿಸಿಕೊಳ್ಳಿ

ಮಿಲಿವೋಲ್ಟ್ ತೋರಿಸುವ ಡಿಜಿಟಲ್ ಮಲ್ಟಿಮೀಟರ್, ಹಿಂದಿನಿಂದ ಕನೆಕ್ಟರ್‌ಗೆ ತೂರಿಸಲು ತೆಳು ಪಿನ್‌ಗಳು, 12 ವೋಲ್ಟ್ 21 ವ್ಯಾಟ್‌ನ ಇಂಡಿಕೇಟರ್ ಬಲ್ಬ್, ಅದಕ್ಕೆ 5 ಆಂಪಿಯರ್ ಫ್ಯೂಸ್ ಇರುವ ತಂತಿ. ಬಿಚ್ಚಲು 8, 10, 13ರ ಪಾನಾ ಮತ್ತು ಸಾಕೆಟ್. ಬಿಗಿಯಲು ಸಣ್ಣ ಟಾರ್ಕ್ ರೆಂಚ್. ಶುಚಿಗೆ ಸ್ಟೇನ್‌ಲೆಸ್ ತಂತಿಯ ಬ್ರಷ್, ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರ್, ಕಾಂಟ್ಯಾಕ್ಟ್ ಕ್ಲೀನರ್. ಕೊನೆಗೆ ಹಚ್ಚಲು ಸಿಲಿಕೋನ್ ಡೈಎಲೆಕ್ಟ್ರಿಕ್ ಗ್ರೀಸ್. ಹಲವರು ಪೆಟ್ರೋಲಿಯಂ ಜೆಲ್ಲಿ ಹಚ್ಚುತ್ತಾರೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಬಾನೆಟ್ ಕೆಳಗೆ ಅದು ಕರಗಿ ಹರಿದುಹೋಗುತ್ತದೆ.

ತಂತಿ ಹಾಕಬೇಕಾಗಿ ಬಂದರೆ ತವರ ಲೇಪಿಸಿದ ತಾಮ್ರದ ಲಗ್‌ಗಳು (ತಂತಿಯ ತುದಿಗೆ ಒತ್ತಿ ಬೋಲ್ಟ್‌ಗೆ ಕೂರಿಸುವ ಉಂಗುರ) ಮತ್ತು ಬಹುಎಳೆಯ ತಾಮ್ರದ ತಂತಿ ಬೇಕು. ಕಾಯಿಲ್ ಅರ್ಥಿಂಗ್‌ಗೆ 4 ಚದರ ಮಿ.ಮೀ., ಎಂಜಿನ್‌ನಿಂದ ಬಾಡಿಗೆ 16 ಚದರ ಮಿ.ಮೀ. ತಂತಿ ಕೊಳ್ಳುವಾಗ ಒಂದು ಎಳೆಯನ್ನು ಚಾಕುವಿನಿಂದ ಕೆರೆದು ನೋಡಿ. ಹೊರಗೆ ತಾಮ್ರ, ಒಳಗೆ ಬೆಳ್ಳಗಿದ್ದರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ, ಬೇಡ. ಹೊರಗೆ ಬೆಳ್ಳಗೆ, ಒಳಗೆ ತಾಮ್ರ ಇದ್ದರೆ ಒಳ್ಳೆಯದು. ಲಗ್ ಒತ್ತುವ ಹೈಡ್ರಾಲಿಕ್ ಉಪಕರಣ ಎಲ್ಲರ ಬಳಿ ಇರುವುದಿಲ್ಲ. ಪಂಪ್‌ಸೆಟ್‌ಗೆ ಪ್ಯಾನಲ್ ಬೋರ್ಡ್ ಮಾಡಿಕೊಡುವ ಅಂಗಡಿಗಳಲ್ಲಿ ಅದು ಸಿಗುತ್ತದೆ. ತಂತಿ, ಲಗ್ ಒಯ್ದರೆ ಅಲ್ಲೇ ಒತ್ತಿಸಿಕೊಂಡು ಬರಬಹುದು.

ಹಂತ 4: ಕೆಲಸ ಮಾಡುತ್ತಿರುವಾಗಲೇ ಅಳೆಯಿರಿ

ಮೀಟರನ್ನು ಬೀಪ್‌ಗೆ ಇಟ್ಟು ‘ಬೀಪ್ ಬಂತು, ಅರ್ಥಿಂಗ್ ಸರಿ ಇದೆ’ ಎನ್ನುವುದೇ ಈ ಕೆಲಸದ ಅತಿ ದೊಡ್ಡ ತಪ್ಪು. ಮೂವತ್ತು ಎಳೆಗಳ ತಂತಿಯಲ್ಲಿ ಒಂದೇ ಎಳೆ ಉಳಿದಿದ್ದರೂ ಬೀಪ್ ಬರುತ್ತದೆ. ಓಮ್ ಅಳತೆಯಲ್ಲಿ ಸಾಧಾರಣ ಮೀಟರ್‌ಗೆ ಅದರ ಸ್ವಂತ ತಂತಿಯ ರೋಧವೇ ನಮಗೆ ಬೇಕಾದ ಅಂಕಿಗಿಂತ ಹೆಚ್ಚು. ಕರೆಂಟ್ ಹರಿಯುತ್ತಿರುವಾಗ ದಾರಿಯಲ್ಲಿ ಎಷ್ಟು ವೋಲ್ಟ್ ಸೋರುತ್ತದೆ ಎನ್ನುವುದೊಂದೇ ನಂಬಬಹುದಾದ ಅಳತೆ.

ಮೊದಲು ಬ್ಯಾಟರಿ. ಎಂಜಿನ್ ನಿಂತು ಕೆಲವು ಗಂಟೆ ಕಳೆದ ಮೇಲೆ 12.4ರಿಂದ 12.7 ವೋಲ್ಟ್ ಇರಲಿ. ಕಡಿಮೆ ಇದ್ದರೆ ಚಾರ್ಜ್ ಮಾಡಿ ಮುಂದುವರಿಯಿರಿ.

ಎಂಜಿನ್ ಚಾಲು ಮಾಡಿ. ಹೆಡ್‌ಲೈಟ್, ಬ್ಲೋವರ್, ಎ.ಸಿ. ಹಾಕಿ. ಮೀಟರ್ ಡಿ.ಸಿ. ವೋಲ್ಟ್‌ನಲ್ಲಿರಲಿ. ಕಪ್ಪು ಮೊನೆ ಬ್ಯಾಟರಿಯ ಮೈನಸ್ ಕಂಬಕ್ಕೆ ತಾಗಲಿ. ಕ್ಲ್ಯಾಂಪ್‌ಗೆ ಅಲ್ಲ, ಸೀಸದ ಕಂಬಕ್ಕೇ. ಕೆಂಪು ಮೊನೆ ಸಿಲಿಂಡರ್ ಹೆಡ್‌ನ ಬರಿಯ ಲೋಹಕ್ಕೆ. 0.1 ವೋಲ್ಟ್ ಒಳಗಿದ್ದರೆ ಚೆನ್ನಾಗಿದೆ. 0.1ರಿಂದ 0.2 ಅನುಮಾನ. ಅದಕ್ಕಿಂತ ಮೇಲಿದ್ದರೆ ಕೆಲಸ ಇದೆ. ಓಡುವ ಎಂಜಿನ್‌ನಲ್ಲಿ ಫ್ಯಾನ್, ಬೆಲ್ಟ್‌ನಿಂದ ಕೈ, ತೋಳು, ದುಪಟ್ಟಾ ದೂರವಿರಲಿ. ಕಾಯಿಲನ್ನು ಮಾತ್ರ ಮುಟ್ಟಲೇಬೇಡಿ. ಅದರೊಳಗೆ ಮೂವತ್ತು ಸಾವಿರ ವೋಲ್ಟ್ ದಾಟುತ್ತದೆ.

ಈಗ ಕಾಯಿಲ್‌ನ ಅರ್ಥಿಂಗ್ ಪಿನ್ (ಎರಡು ಪಿನ್‌ನ ಕಾಯಿಲ್‌ಗೆ ಇದು ಇಲ್ಲ). ಓಡುತ್ತಿರುವಾಗ ಇಲ್ಲಿ ಮೀಟರ್ ಹೇಳುವುದು ಅರ್ಧ ಸತ್ಯ. ಕಾಯಿಲ್ ಕೆಲವೇ ಮಿಲಿಸೆಕೆಂಡ್‌ಗಳ ಕಾಲ ಏಳೆಂಟು ಆಂಪಿಯರ್ ಎಳೆದು ಬಿಡುತ್ತದೆ, ಮೀಟರ್ ಅದನ್ನು ಸರಾಸರಿ ಮಾಡಿ ಸಣ್ಣ ಅಂಕಿ ತೋರಿಸುತ್ತದೆ. ಆಸಿಲೋಸ್ಕೋಪ್ (ವೋಲ್ಟೇಜ್‌ನ ಕ್ಷಣಕ್ಷಣದ ಏರಿಳಿತ ತೋರಿಸುವ ಉಪಕರಣ) ಇಲ್ಲದವರಿಗೆ ಬಲ್ಬ್ ಪರೀಕ್ಷೆಯೇ ದಾರಿ. ನನಗೆ ಅತಿ ಹೆಚ್ಚು ಬಾರಿ ದಾರಿ ತೋರಿಸಿದ ಪರೀಕ್ಷೆ ಇದು.

ಎಂಜಿನ್ ನಿಲ್ಲಿಸಿ, ಕೀಲಿ ತೆಗೆದು, ಕಾಯಿಲ್‌ನ ಕನೆಕ್ಟರ್ ಬಿಚ್ಚಿ. ನಕ್ಷೆಯ ಪ್ರಕಾರ ಅರ್ಥಿಂಗ್ ಪಿನ್ ಯಾವುದೆಂದು ಎರಡು ಬಾರಿ ನೋಡಿಕೊಳ್ಳಿ. ತಪ್ಪಿ ಸಿಗ್ನಲ್ ಪಿನ್‌ಗೆ 12 ವೋಲ್ಟ್ ಕೊಟ್ಟರೆ ಇಸಿಯು ಸುಟ್ಟುಹೋಗಬಹುದು. ಬ್ಯಾಟರಿ ಪ್ಲಸ್‌ನಿಂದ ಫ್ಯೂಸ್, ಅಲ್ಲಿಂದ 21 ವ್ಯಾಟ್ ಬಲ್ಬ್, ಅಲ್ಲಿಂದ ಆ ಅರ್ಥಿಂಗ್ ಪಿನ್. ಬಲ್ಬ್ ಪೂರ್ಣ ಉರಿಯಬೇಕು. ಉರಿಯುತ್ತಿರುವಾಗಲೇ ಪಿನ್ ಮತ್ತು ಬ್ಯಾಟರಿ ಮೈನಸ್ ಕಂಬದ ನಡುವೆ ಅಳೆಯಿರಿ. 0.05 ವೋಲ್ಟ್ ಒಳಗಿರಲಿ.

ಲೆಕ್ಕ ಹೀಗೆ: ಬಲ್ಬ್ ಸುಮಾರು 1.75 ಆಂಪಿಯರ್ ಎಳೆಯುತ್ತದೆ. 0.18 ವೋಲ್ಟ್ ಕಂಡರೆ ದಾರಿಯಲ್ಲಿ 0.1 ಓಮ್ ರೋಧ ಇದೆ. ಕಾಯಿಲ್ 7 ಆಂಪಿಯರ್ ಎಳೆಯುವಾಗ ಅಲ್ಲಿ 0.7 ವೋಲ್ಟ್ ಸೋರುತ್ತದೆ. ಕಾಯಿಲ್‌ನಲ್ಲಿ ಕೂಡುವ ಶಕ್ತಿ ಕರೆಂಟ್‌ನ ವರ್ಗಕ್ಕೆ ತಕ್ಕಂತೆ ಇರುವುದರಿಂದ ಕರೆಂಟ್ ಶೇ 10ರಷ್ಟು ಇಳಿದರೆ ಕಿಡಿಯ ಶಕ್ತಿ ಶೇ 19ರಷ್ಟು ಇಳಿಯುತ್ತದೆ. ಬ್ಯಾಟರಿ ವೋಲ್ಟೇಜ್ ಇಳಿದರೆ ಇಸಿಯು ಕಾಯಿಲ್ ತುಂಬಿಸುವ ಸಮಯವನ್ನು ಹೆಚ್ಚಿಸಿ ಸರಿದೂಗಿಸುತ್ತದೆ. ಆದರೆ ಕಾಯಿಲ್‌ನ ಅರ್ಥಿಂಗ್‌ನಲ್ಲಿ ಸೋರಿದ್ದು ಅದರ ಕಣ್ಣಿಗೆ ಬೀಳುವುದೇ ಇಲ್ಲ.

ಸೋರಿಕೆ ಕಂಡರೆ ಬಲ್ಬ್ ಉರಿಯುತ್ತಲೇ ಇರಲಿ. ಕಪ್ಪು ಮೊನೆ ಬ್ಯಾಟರಿ ಕಂಬದಲ್ಲೇ ಇಟ್ಟು, ಕೆಂಪು ಮೊನೆಯನ್ನು ಒಂದೊಂದೇ ಹೆಜ್ಜೆ ಹಿಂದಕ್ಕೆ ತನ್ನಿ: ಪಿನ್, ಹಾರ್ನೆಸ್‌ನ ಲಗ್, ಹೆಡ್‌ನ ಲೋಹ, ಎಂಜಿನ್‌ನಿಂದ ಬಾಡಿಗೆ ಹೋಗುವ ಪಟ್ಟಿಯ ಎರಡೂ ತುದಿ, ಬಾಡಿಯ ಲೋಹ, ಬ್ಯಾಟರಿ ಕ್ಲ್ಯಾಂಪ್. ಎಲ್ಲಿ ಅಂಕಿ ಥಟ್ಟನೆ ಇಳಿಯುತ್ತದೋ ಆ ಎರಡು ಹೆಜ್ಜೆಗಳ ನಡುವೆ ರೋಗ ಇದೆ. ಎಲ್ಲ ಅಂಕಿಗಳನ್ನೂ ಕಾಗದದಲ್ಲಿ ಬರೆದಿಡಿ. ಎಲ್ಲೆಡೆ ಸೊನ್ನೆಯ ಹತ್ತಿರವೇ ಬಂದರೆ ನಿಮ್ಮ ಕಾರಿನ ಅರ್ಥಿಂಗ್ ಚೆನ್ನಾಗಿದೆ. ಇನ್ನಷ್ಟು ತಂತಿ ಹಾಕಿದರೂ ಕಿಡಿ ದಪ್ಪವಾಗುವುದಿಲ್ಲ. ಆಗ ಬೂಸ್ಟ್ ಪೈಪ್‌ನ ಗಾಳಿ ಸೋರಿಕೆ, ಪೆಟ್ರೋಲ್ ಒತ್ತಡದ ಕಡೆ ಹೋಗಿ.

ಹಂತ 5: ಇರುವ ಜೋಡಣೆಗಳನ್ನು ಶುಚಿಗೊಳಿಸಿ

ಎಂಜಿನ್ ಪೂರ್ತಿ ತಣ್ಣಗಾಗಲಿ. ಬೇಸಿಗೆಯಲ್ಲಿ ಟರ್ಬೊ ಸುತ್ತಲಿನ ಲೋಹ ಒಂದು ಗಂಟೆಯ ನಂತರವೂ ಕೈ ಸುಡುತ್ತದೆ; ಬೆಳಗಿನ ಹೊತ್ತೇ ಒಳ್ಳೆಯದು. ಬ್ಯಾಟರಿಯ ಮೈನಸ್ ಮೊದಲು ಬಿಚ್ಚಿ, ಕೊನೆಯಲ್ಲಿ ಹಾಕಿ. ಪ್ರತಿಯೊಂದು ಬೋಲ್ಟ್ ಬಿಚ್ಚುವ ಮುನ್ನ ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳಿ. ಒಂದು ಮುಗಿಸಿ ಇನ್ನೊಂದಕ್ಕೆ ಹೋಗಿ, ಎಲ್ಲವನ್ನೂ ಒಟ್ಟಿಗೆ ಬಿಚ್ಚಬೇಡಿ.

ನಮ್ಮ ಕಡೆ ಈ ಜೋಡಣೆಗಳು ಬೇಗ ಕೆಡಲು ಕಾರಣಗಳಿವೆ. ಸಂಡೂರು, ತೋರಣಗಲ್ಲಿನ ರಸ್ತೆಗಳ ಅದಿರಿನ ಧೂಳು ಲಗ್‌ನ ಅಂಚಿಗೆ ಮೆತ್ತಿಕೊಂಡು ಮಳೆಗಾಲದ ತೇವವನ್ನು ಹಿಡಿದಿಡುತ್ತದೆ. ರಾಯಚೂರು ಕಡೆಯ ಉಪ್ಪು ಬೋರ್‌ವೆಲ್ ನೀರಿನಿಂದ ಎಂಜಿನ್ ತೊಳೆಸಿದರೆ ನೀರು ಆರಿ ಉಪ್ಪು ಉಳಿಯುತ್ತದೆ. ತಾಮ್ರದ ಲಗ್, ಉಕ್ಕಿನ ಬೋಲ್ಟ್, ಅಲ್ಯೂಮಿನಿಯಂ ಹೆಡ್ ಮೂರೂ ಸೇರಿದ ಜಾಗದಲ್ಲಿ ಉಪ್ಪು ನೀರು ಬಿದ್ದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಸಿಂಧನೂರು, ಗಂಗಾವತಿಯ ಭತ್ತದ ಊರುಗಳಲ್ಲಿ ಇಲಿ ಕಡಿದ ಹಾರ್ನೆಸ್ ಕೂಡ ಅಪರೂಪವಲ್ಲ. ಬಿಳಿ ಪುಡಿ, ಹಸಿರು ಕಲೆ, ಲಗ್‌ನ ಬುಡದಲ್ಲಿ ಗಟ್ಟಿಯಾದ ಅಥವಾ ಕಪ್ಪಾದ ತಂತಿ, ಬಿಸಿಗೆ ಬಣ್ಣ ತಿರುಗಿದ ಬೋಲ್ಟ್ ಕಂಡರೆ ಅಲ್ಲಿ ನಿಲ್ಲಿ.

ಕರೆಂಟ್ ದಾಟುವುದು ಮುಖ್ಯವಾಗಿ ಲಗ್‌ನ ಮುಖ ಮತ್ತು ಅದರ ಕೆಳಗಿನ ಲೋಹದ ಮುಖದ ನಡುವೆ. ಬೋಲ್ಟ್ ಅವೆರಡನ್ನು ಒತ್ತಿಹಿಡಿಯುತ್ತದೆ. ಆದ್ದರಿಂದ ಬೋಲ್ಟ್‌ನ ತಲೆ ಹೊಳಪಿಸಿ ಪ್ರಯೋಜನವಿಲ್ಲ. ಲಗ್‌ನ ಅಗಲದಷ್ಟೇ ಜಾಗದಲ್ಲಿ ಬಣ್ಣ, ತುಕ್ಕು ತೆಗೆದು ಬರಿಯ ಲೋಹ ಕಾಣುವಂತೆ ಮಾಡಿ. ತವರದ ಲೇಪ ಇರುವ ಲಗ್ಗನ್ನು ಸ್ಕ್ರಬ್ಬರ್‌ನಿಂದ ಹಗುರವಾಗಿ ಮಾತ್ರ ಉಜ್ಜಿ. ಅಲ್ಯೂಮಿನಿಯಂ ಗಾಳಿಗೆ ತೆರೆದೊಡನೆ ಮತ್ತೆ ಆಕ್ಸೈಡ್ ಕಟ್ಟುತ್ತದೆ, ಹಾಗಾಗಿ ಉಜ್ಜಿ, ಕ್ಲೀನರ್ ಹೊಡೆದು, ಚಹಾಕ್ಕೆ ಎದ್ದುಹೋಗದೆ ಅಲ್ಲೇ ಬಿಗಿಯಿರಿ.

ವಾಷರ್ ಲಗ್‌ನ ಮೇಲೆ ಬರಬೇಕು, ಲಗ್ ಮತ್ತು ಲೋಹದ ನಡುವೆ ಬರಬಾರದು. 6 ಮಿ.ಮೀ. ಬೋಲ್ಟ್ ಅಲ್ಯೂಮಿನಿಯಂಗೆ ಕೂರುವಲ್ಲಿ ಕೈಪಿಡಿ ಬೇರೆ ಹೇಳದಿದ್ದರೆ 8ರಿಂದ 10 ನ್ಯೂಟನ್ ಮೀಟರ್ ಸಾಕು. ಉದ್ದ ಪಾನಾ ಹಿಡಿದು ಎಳೆದರೆ ಹೆಡ್‌ನ ತೂತಿನ ಥ್ರೆಡ್ ಹಾರಿಹೋಗುತ್ತದೆ. ಗ್ರೀಸ್ ಬಿಗಿದ ಮೇಲೆ, ಹೊರಗಿನ ಅಂಚಿಗೆ ಸುತ್ತಲೂ.

ಇಷ್ಟಾದ ಮೇಲೆ ಬ್ಯಾಟರಿಯ ಮೈನಸ್ ಹಾಕಿ ಹಂತ 4ನ್ನು ಮತ್ತೆ ಮಾಡಿ. ಬಹಳ ಕಾರುಗಳ ಕೆಲಸ ಇಲ್ಲಿಗೇ ಮುಗಿಯುತ್ತದೆ.

ಹಂತ 6: ಇನ್ನೂ ಸೋರಿಕೆ ಇದ್ದರೆ ಮಾತ್ರ ಹೊಸ ತಂತಿ

ಬ್ಯಾಟರಿಯ ಮೈನಸ್ ಮತ್ತೆ ಬಿಚ್ಚಿ. ಕಂಪನಿಯ ತಂತಿಯನ್ನು ತೆಗೆಯಬೇಡಿ. ಹೊಸದನ್ನು ಅದರ ಜೊತೆಗೆ ಸೇರಿಸಿ.

ಹೆಡ್ ಮತ್ತು ಬಾಡಿಯ ನಡುವೆ ಸೋರಿಕೆ ಇದ್ದರೆ 16 ಚದರ ಮಿ.ಮೀ. ತಂತಿ. ಹೆಡ್ ಕಡೆಯ ಜಾಗ ಆರಿಸುವುದರಲ್ಲಿ ಹೆಚ್ಚು ಜನ ಎಡವುತ್ತಾರೆ. ಹಲವು ಎಂಜಿನ್‌ಗಳ ವಾಲ್ವ್ ಕವರ್ ಪ್ಲಾಸ್ಟಿಕ್. ಲೋಹದ್ದಾದರೂ ರಬ್ಬರ್ ಗ್ಯಾಸ್ಕೆಟ್ ಮೇಲೆ ಕೂತಿರುತ್ತದೆ, ಅದರ ಬೋಲ್ಟನ್ನು ನಂಬುವಂತಿಲ್ಲ. ಇನ್‌ಟೇಕ್ ಮ್ಯಾನಿಫೋಲ್ಡ್ ಕೂಡ ಪ್ಲಾಸ್ಟಿಕ್ ಇರಬಹುದು. ಹೆಡ್‌ನಲ್ಲಿ ಖಾಲಿ ಬಿಟ್ಟಿರುವ, ಥ್ರೆಡ್ ಇರುವ ತೂತು ಅಥವಾ ಎಂಜಿನ್ ಎತ್ತುವ ಕೊಕ್ಕೆಯ ಬೋಲ್ಟ್ ಸೂಕ್ತ. ಹೆಡ್ ಬೋಲ್ಟ್, ಟರ್ಬೊ ಎಣ್ಣೆ ಪೈಪ್‌ನ ಬೋಲ್ಟ್, ಪೆಟ್ರೋಲ್ ರೈಲ್‌ನ ಬೋಲ್ಟ್, ಎಕ್ಸಾಸ್ಟ್ ಸ್ಟಡ್ ಇವುಗಳನ್ನು ಸಡಿಲಿಸಲೇಬೇಡಿ.

ಸ್ಟಾರ್ಟ್-ಸ್ಟಾಪ್ ಇರುವ ಕಾರುಗಳ ಮೈನಸ್ ಕ್ಲ್ಯಾಂಪ್‌ನಲ್ಲಿ ಸಣ್ಣ ಬ್ಯಾಟರಿ ಸೆನ್ಸರ್ ಇರುತ್ತದೆ. ಹೊಸ ತಂತಿಯನ್ನು ನೇರವಾಗಿ ಬ್ಯಾಟರಿ ಕಂಬಕ್ಕೆ ಕೊಟ್ಟರೆ ಕರೆಂಟ್ ಸೆನ್ಸರನ್ನು ತಪ್ಪಿಸಿ ಹೋಗುತ್ತದೆ, ಚಾರ್ಜಿಂಗ್ ಲೆಕ್ಕ ಕೆಡುತ್ತದೆ. ಬ್ಯಾಟರಿ ತಂತಿ ಬಾಡಿಗೆ ಸೇರುವ ಬೋಲ್ಟ್‌ಗೇ ಕೊಡಿ.

ಕಾಯಿಲ್ ಹಾರ್ನೆಸ್‌ನೊಳಗೇ ಸೋರಿಕೆ ಇದ್ದರೆ ಹಾಳಾದ ಲಗ್ ಅಥವಾ ಒಳಗಿನ ಸೇರುವೆಯನ್ನು ಹುಡುಕಿ ಅದನ್ನೇ ಹೊಸದು ಮಾಡಿ. ಆ ಸೇರುವೆಯಿಂದ, ನಕ್ಷೆಯ ಪ್ರಕಾರ ಆ ಅರ್ಥಿಂಗ್ ಕೊನೆಗೊಳ್ಳುವ ಬೋಲ್ಟ್‌ಗೇ 4 ಚದರ ಮಿ.ಮೀ. ತಂತಿಯನ್ನು ಆದಷ್ಟು ಗಿಡ್ಡವಾಗಿ ಎಳೆಯಿರಿ. ಎರಡು ಅರ್ಥಿಂಗ್ ಇರುವ ಕಾಯಿಲ್‌ನಲ್ಲಿ ಅವೆರಡನ್ನೂ ಒಂದೇ ಲಗ್‌ಗೆ ಕಟ್ಟಬೇಡಿ. ಕಂಪನಿ ಬೇರೆ ಇಟ್ಟಿದ್ದರೆ ಬೇರೆಯಾಗಿಯೇ ಇರಲಿ. ಹತ್ತಿರದಲ್ಲಿ ಸಿಕ್ಕಿತೆಂದು ಸೆನ್ಸರ್‌ಗಳ ಅರ್ಥಿಂಗ್ ತಂತಿಗೆ ಕಾಯಿಲ್‌ನದನ್ನು ಸೇರಿಸಿದರೆ ಪ್ರತಿ ಕಿಡಿಯ ಹೊಡೆತವೂ ಸೆನ್ಸರ್ ಅಳತೆಯೊಳಗೆ ಬರುತ್ತದೆ. ಇದನ್ನು ಮಾಡಿಸಿಕೊಂಡು ಬಂದ ಕಾರುಗಳನ್ನು ಸರಿಪಡಿಸುವುದು ಮೂಲ ತೊಂದರೆಗಿಂತ ಕಷ್ಟ.

ಲಗ್ಗನ್ನು ಒತ್ತಿಯೇ ಕೂರಿಸಿ. ಬರಿಯ ಬೆಸುಗೆಯಾದರೆ ತಂತಿ ಬಿರುಸಾಗಿ ಎಂಜಿನ್ ಅದುರಿಗೆ ಬುಡದಲ್ಲೇ ಮುರಿಯುತ್ತದೆ. ಮೇಲೆ ಅಂಟು ಇರುವ ಹೀಟ್ ಶ್ರಿಂಕ್ ತೊಡಿಸಿ. ಕಪ್ಪು ಟೇಪ್ ಈ ಬಿಸಿಲಿಗೆ ಅಂಟು ಬಿಟ್ಟು ಬಿಚ್ಚಿಕೊಳ್ಳುತ್ತದೆ. ಗೇರ್ ಹಾಕಿದಾಗ ಎಂಜಿನ್ ವಾಲುವುದರಿಂದ ಎಂಜಿನ್‌ನಿಂದ ಬಾಡಿಗೆ ಹೋಗುವ ತಂತಿಗೆ ಸ್ವಲ್ಪ ಸಡಿಲ ಬಳುಕು ಬಿಡಿ. ಟರ್ಬೊ ಮತ್ತು ಎಕ್ಸಾಸ್ಟ್‌ನಿಂದ ಒಂದು ಗೇಣಾದರೂ ದೂರವಿರಲಿ.

ಹಂತ 7: ರಸ್ತೆಯಲ್ಲಿ ಪರೀಕ್ಷೆ

ಬ್ಯಾಟರಿ ಹಾಕಿ, ಹಳೆಯ ಕೋಡ್ ಅಳಿಸಿ, ಎಂಜಿನ್ ಬಿಸಿಯಾಗುವವರೆಗೆ ಐಡಲ್‌ನಲ್ಲಿ ಬಿಡಿ. ನಂತರ ಅದೇ ಜಾಗಗಳಲ್ಲಿ ಮತ್ತೆ ಅಳೆದು ಹಳೆಯ ಅಂಕಿಗಳ ಪಕ್ಕ ಬರೆಯಿರಿ.

ಮಿಸ್ ಹಿಂದೆ ಬರುತ್ತಿದ್ದುದು ಭಾರದಲ್ಲಿ, ಆದ್ದರಿಂದ ಪರೀಕ್ಷೆಯೂ ಭಾರದಲ್ಲೇ ಆಗಬೇಕು. ಬೆಳಗಿನ ಜಾವ ವಾಹನಗಳಿಲ್ಲದ ನೇರ ರಸ್ತೆ ಆರಿಸಿ. ಸ್ಕ್ಯಾನರನ್ನು ಪಕ್ಕದಲ್ಲಿ ಕುಳಿತವರು ನೋಡಲಿ, ನಿಮ್ಮ ಕಣ್ಣು ರಸ್ತೆಯ ಮೇಲಿರಲಿ. ವೇಗದ ಮಿತಿ ಮೀರದಂತೆ, ಮೂರನೇ ಗೇರ್‌ನಲ್ಲಿ 2,000 ಆರ್‌ಪಿಎಂನಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿ. ಎ.ಸಿ., ಹೆಡ್‌ಲೈಟ್ ಹಾಕಿ ಒಮ್ಮೆ, ಆರಿಸಿ ಒಮ್ಮೆ. ಎರಡರಲ್ಲೂ ಎಳೆತ ಒಂದೇ ಸಮ ಇದ್ದು ಮಿಸ್‌ಫೈರ್ ಎಣಿಕೆ ಏರದಿದ್ದರೆ ಸರಿಯಾಗಿದೆ. ಎಣಿಕೆ ಇನ್ನೂ ಏರಿದರೆ ತಂತಿ ಹೆಚ್ಚಿಸಲು ಹೋಗಬೇಡಿ. ಕಾಗದದ ಅಂಕಿಗಳು ಸರಿ ಇದ್ದ ಮೇಲೆ ಅರ್ಥಿಂಗ್‌ನ ಮಾತು ಮುಗಿಯಿತು, ಹಂತ 1ಕ್ಕೆ ಮರಳಿ.

ಹಿಂತಿರುಗಿದ ಮೇಲೆ ಬಾನೆಟ್ ತೆರೆದು, ಬಿಸಿ ಲೋಹಕ್ಕೆ ತಾಗದಂತೆ, ಹೊಸ ಲಗ್‌ಗಳ ಹತ್ತಿರ ಸುಟ್ಟ ವಾಸನೆ ಇದೆಯೇ, ತಂತಿ ಎಲ್ಲಾದರೂ ಉಜ್ಜುತ್ತಿದೆಯೇ ನೋಡಿ. ಸಾವಿರ ಕಿಲೋಮೀಟರ್ ಆದಾಗ ಬೋಲ್ಟ್‌ಗಳ ಬಿಗಿ ಪರೀಕ್ಷಿಸಿ. ಆ ಅಂಕಿಗಳ ಕಾಗದವನ್ನು ಗ್ಲೋವ್ ಬಾಕ್ಸ್‌ನಲ್ಲಿಡಿ, ಮಳೆಗಾಲ ಮುಗಿದ ಮೇಲೆ ಬಲ್ಬ್ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ ಅದರ ಕೆಳಗೇ ಬರೆಯಿರಿ.